ಮಕ್ಕಳು, ಅಜ್ಜ, ಅಜ್ಜಿ ಎಲ್ಲರೂ ಇರುವ ಕಾರು ಪ್ರವಾಸದಲ್ಲಿ ಜಿಯೋಕ್ಯಾಶಿಂಗ್: ಅನುಭವಸ್ಥರ ಸಲಹೆ ಬೇಕು

ಸಾಗರದ ಸೊಸೆ

ಎಲ್ಲರಿಗೂ ನಮಸ್ಕಾರ. ನಾವು ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿದ್ದೇವೆ. ಅತ್ತೆಯವರೂ ಮಾವನವರೂ ಸಾಗರದಿಂದ ಬಂದು ಮೂರು ವಾರವಾಯಿತು. ಆಗಸ್ಟ್ ಮೊದಲ ವಾರದಲ್ಲಿ ಆರು ಜನ ಒಂದೇ ಕಾರಿನಲ್ಲಿ ಒರೆಗಾನ್ ಕಡೆಗೆ ಹೊರಟಿದ್ದೇವೆ. ಪೋರ್ಟ್‌ಲ್ಯಾಂಡ್, ಕೊಲಂಬಿಯಾ ನದಿಯ ಕಣಿವೆ, ಬೆಂಡ್, ಕ್ರೇಟರ್ ಲೇಕ್. ಒಟ್ಟು ಎಂಟು ದಿನ.

ಹೋದ ವರ್ಷದ ಪ್ರವಾಸ ನೆನೆದರೆ ಬೇಸರವಾಗುತ್ತದೆ. ಐದು ಗಂಟೆ ಕಾರು ಓಡಿಸಿ ಜಲಪಾತದ ಮುಂದೆ ನಿಂತರೆ ಮಕ್ಕಳು ಐದು ನಿಮಿಷ ನೋಡಿ, "ಇನ್ನು ಹೋಗೋಣವೇ?" ಎಂದು ಕೇಳಿದರು. ತಪ್ಪು ಅವರದಲ್ಲ. ನೋಡಬೇಕಾದ ಜಾಗಗಳನ್ನೆಲ್ಲ ನಾವೇ ಆರಿಸಿದ್ದೆವು. ಅವರು ಮಾಡುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಈ ವಸಂತದಲ್ಲಿ ಮಗಳು ಗೆಳತಿಯ ಮನೆಯವರ ಜೊತೆ ಹೋಗಿ, ಒಂದು ಮರದ ಬುಡದಲ್ಲಿ ಅಡಗಿಸಿಟ್ಟ ಡಬ್ಬಿಯನ್ನು ಹುಡುಕಿ, ಅದರೊಳಗಿನ ಪುಸ್ತಕದಲ್ಲಿ ಹೆಸರು ಬರೆದು ಬಂದಳು. ಜಿಪಿಎಸ್ ತೋರಿಸುವ ಜಾಗಕ್ಕೆ ಹೋಗಿ ಬೇರೆಯವರು ಅಡಗಿಸಿಟ್ಟ ಡಬ್ಬಿ ಹುಡುಕುವ ಈ ಆಟಕ್ಕೆ ಜಿಯೋಕ್ಯಾಶಿಂಗ್ ಎನ್ನುತ್ತಾರಂತೆ. ಅವತ್ತಿನಿಂದ ಮನೆಯಲ್ಲಿ ಅದೇ ಮಾತು. ಅವಳಿಗೆ ಒಂಬತ್ತು ವರ್ಷ, ಮಗನಿಗೆ ಆರು. ಅತ್ತೆಯವರಿಗೆ ಮೊಣಕಾಲು ನೋವು, ಏರು ಹತ್ತಲಾರರು. ಮಾವನವರು ಅಂಚೆ ಇಲಾಖೆಯಲ್ಲಿ ಸಬ್ ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತರಾದವರು. ಓಡಾಡುತ್ತಾರೆ, ಆದರೆ ಸುಮ್ಮನೆ ಕಾಯುತ್ತಾ ನಿಲ್ಲುವುದು ಅವರಿಗೆ ಹಿಡಿಸುವುದಿಲ್ಲ. ನಾವು ಡಬ್ಬಿ ಹುಡುಕುವಾಗ ಹಿರಿಯರಿಬ್ಬರು ಕಾರಿನಲ್ಲಿ ಕುಳಿತು ಬೇಸತ್ತರೆ ಏನು ಬಂತು? ಎಲ್ಲರೂ ಕೂಡಿ ಆಡಬಹುದಾದ ಆಟ ಇದಾಗುತ್ತದೆಯೇ?

ನಕ್ಷೆಗಾರ

ಸಾಗರದ ಸೊಸೆಯವರೇ, ನೀವು ಹೊರಟಿರುವುದು ಈ ಹವ್ಯಾಸದ ತವರೂರಿಗೇ. ನಾನು ಪೋರ್ಟ್‌ಲ್ಯಾಂಡ್‌ನಲ್ಲಿದ್ದು ಹನ್ನೊಂದು ವರ್ಷದಿಂದ ಹೆಂಡತಿ ಮಕ್ಕಳ ಜೊತೆ ಡಬ್ಬಿ ಹುಡುಕುತ್ತಿದ್ದೇನೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

2000ನೇ ಇಸವಿಯವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಕಳಿಸುತ್ತಿತ್ತು. ಕೈಯಲ್ಲಿನ ಉಪಕರಣ ತೋರಿಸಿದ ಜಾಗಕ್ಕೂ ನಿಜವಾದ ಜಾಗಕ್ಕೂ ನೂರು ಮೀಟರಿನಷ್ಟು ಅಂತರ ಇರಬಹುದಾಗಿತ್ತು. ಆ ವರ್ಷ ಮೇ 1ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಅದನ್ನು ನಿಲ್ಲಿಸುವ ಆದೇಶ ಪ್ರಕಟಿಸಿದರು. ಒಂದೇ ರಾತ್ರಿಯಲ್ಲಿ ಎಲ್ಲರ ಉಪಕರಣಗಳೂ ಸುಮಾರು ಹತ್ತು ಪಟ್ಟು ನಿಖರವಾದವು. ಎರಡು ದಿನ ಕಳೆದು, ಮೇ 3ರಂದು, ಡೇವ್ ಅಲ್ಮರ್ ಎಂಬವರು ಪೋರ್ಟ್‌ಲ್ಯಾಂಡ್ ಸಮೀಪದ ಬೀವರ್‌ಕ್ರೀಕ್ ಬಳಿ ರಸ್ತೆ ಪಕ್ಕದ ಕಾಡಿನಲ್ಲಿ ಒಂದು ಕಪ್ಪು ಬಕೆಟ್ ಇಟ್ಟರು. ಒಳಗೆ ಪುಸ್ತಕ, ವಿಡಿಯೊ, ಸ್ವಲ್ಪ ಹಣ, ಒಂದು ಕವಣೆ, ಒಂದು ಬೀನ್ಸ್ ಡಬ್ಬಿ, ಹೆಸರು ಬರೆಯಲು ಪುಸ್ತಕ ಮತ್ತು ಪೆನ್ಸಿಲ್. ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಅಂತರಜಾಲದಲ್ಲಿ ಪ್ರಕಟಿಸಿ, "ಏನಾದರೂ ತೆಗೆದುಕೊಳ್ಳಿ, ಏನಾದರೂ ಇಡಿ" ಎಂದು ಬರೆದರು. ಮೊದಲು ಅದನ್ನು ಹುಡುಕಿದವರು ಮೈಕ್ ಟೀಗ್. ಅದೇ ತಿಂಗಳ ಕೊನೆಗೆ ಜಿಯೋಕ್ಯಾಶಿಂಗ್ ಎಂಬ ಹೆಸರೂ ಹುಟ್ಟಿತು. ಸೆಪ್ಟೆಂಬರ್‌ನಲ್ಲಿ ಜೆರೆಮಿ ಐರಿಶ್ ಈ ಆಟಕ್ಕೆಂದೇ ಜಾಲತಾಣ ತೆರೆದಾಗ ಪಟ್ಟಿಯಲ್ಲಿದ್ದದ್ದು 75 ಡಬ್ಬಿಗಳು. ಇಂದು ಪ್ರಪಂಚದಾದ್ಯಂತ ಮೂವತ್ತು ಲಕ್ಷಕ್ಕೂ ಹೆಚ್ಚು.

ಆ ಬಕೆಟ್ ಇದ್ದ ಜಾಗದಲ್ಲಿ ಈಗ ಒಂದು ಸ್ಮಾರಕ ಫಲಕವಿದೆ, ಪಕ್ಕದಲ್ಲಿ ಡಬ್ಬಿಯೂ ಇದೆ. 45 ಡಿಗ್ರಿ 17.460 ನಿಮಿಷ ಉತ್ತರ, 122 ಡಿಗ್ರಿ 24.800 ನಿಮಿಷ ಪಶ್ಚಿಮ. ರಸ್ತೆಯ ಅಂಚಿನಲ್ಲೇ ಇರುವುದರಿಂದ ನಿಮ್ಮ ಅತ್ತೆಯವರೂ ಬರಬಹುದು. ಆ ಜಾಲತಾಣದ ಮುಖ್ಯ ಕಚೇರಿ ನಿಮ್ಮ ಸಿಯಾಟಲ್‌ನ ಫ್ರೀಮಾಂಟ್ ಬಡಾವಣೆಯಲ್ಲಿದೆ. ಹೋಗುವ ಮೊದಲು ಸಂದರ್ಶಕರ ವೇಳೆ ವಿಚಾರಿಸಿಕೊಳ್ಳಿ.

ಇನ್ನು ಡಬ್ಬಿ ಆರಿಸುವ ಮಾತು. ಪ್ರತಿ ಡಬ್ಬಿಗೂ ಎರಡು ಅಂಕಗಳಿರುತ್ತವೆ, ಎರಡೂ ಒಂದರಿಂದ ಐದರವರೆಗೆ. ಹುಡುಕುವುದು ಎಷ್ಟು ಕಷ್ಟ ಎಂಬುದು ಮೊದಲನೆಯದು, ದಾರಿ ಎಷ್ಟು ಕಷ್ಟ ಎಂಬುದು ಎರಡನೆಯದು. ದಾರಿಗೆ ಒಂದು ಅಂಕ ಎಂದಿದ್ದರೆ ಗಾಲಿಕುರ್ಚಿಯಲ್ಲಿ ಹೋಗಬಹುದು ಎಂದರ್ಥ. ಅತ್ತೆಯವರು ಜೊತೆಗಿರುವ ದಿನ ಒಂದು ಅಥವಾ ಒಂದೂವರೆಯ ಮೇಲೆ ಹೋಗಬೇಡಿ. ಗಾತ್ರವನ್ನೂ ನೋಡಿ. ಮಕ್ಕಳಿಗೆ ಊಟದ ಡಬ್ಬಿಯಷ್ಟಾದರೂ ದೊಡ್ಡದು ಇರಲಿ. ಬೆರಳ ತುದಿಯಷ್ಟಿರುವ ನ್ಯಾನೊಗಳಲ್ಲಿ ಸುರುಳಿ ಸುತ್ತಿದ ಕಾಗದ ಬಿಟ್ಟರೆ ಏನೂ ಇರುವುದಿಲ್ಲ. ಆರು ವರ್ಷದವನಿಗೆ ಅದರಲ್ಲಿ ಯಾವ ಸಂತೋಷವೂ ಸಿಗದು. ಹಿಂದೆ ಬಂದವರು ಜಾಲತಾಣದಲ್ಲಿ ಬರೆದುದನ್ನು ಓದಿಯೇ ಹೊರಡಿ. ಈಚಿನ ಮೂರು ನಾಲ್ಕು ಜನ "ಸಿಗಲಿಲ್ಲ" ಎಂದು ಬರೆದಿದ್ದರೆ ಡಬ್ಬಿ ಕಳೆದುಹೋಗಿರುವ ಸಾಧ್ಯತೆ ಹೆಚ್ಚು.

ದಿನಕ್ಕೆ ಎರಡು, ಹೆಚ್ಚೆಂದರೆ ಮೂರು. ಹೇಗೂ ಕಾರು ನಿಲ್ಲಿಸಿ ಕೈಕಾಲು ಬಿಡಿಸಿಕೊಳ್ಳುವ ಜಾಗಗಳಲ್ಲೇ ಆರಿಸಿ.

ಬವೇರಿಯದ ಕನ್ನಡಿಗ

ನಕ್ಷೆಗಾರರ ಮಾತಿಗೆ ಮಕ್ಕಳ ಕಡೆಯಿಂದ ಎರಡು ಸೇರಿಸುತ್ತೇನೆ. ಜರ್ಮನಿಯಲ್ಲಿ ಡಬ್ಬಿಗಳು ಎಷ್ಟು ದಟ್ಟವಾಗಿವೆ ಎಂದರೆ ನಮ್ಮ ಭಾನುವಾರದ ನಡಿಗೆಯೆಲ್ಲ ಇದೇ ಆಗಿದೆ.

ಮೊದಲನೆಯದು, ಪೆನ್ಸಿಲ್. ಪೆನ್ನಿನ ಶಾಯಿ ತೇವದ ಕಾಗದದ ಮೇಲೆ ಮೂಡುವುದಿಲ್ಲ, ಡಬ್ಬಿಯೊಳಗಿನ ಪೆನ್ಸಿಲ್ ಯಾವಾಗಲೂ ಮೊಂಡಾಗಿರುತ್ತದೆ. ಮಕ್ಕಳಿಬ್ಬರಿಗೂ ಒಂದೊಂದು ಕೊಡಿ. ಹೆಸರು ಬರೆಯುವ ಹಕ್ಕಿಗಾಗಿ ನಮ್ಮ ಮನೆಯಲ್ಲಿ ಅಳು ಬಂದದ್ದುಂಟು.

ಎರಡನೆಯದು ನನಗೆ ಇನ್ನೂ ಮುಖ್ಯ. ಸಿಗದೇ ಹೋದ ದಿನ "ಸಿಗಲಿಲ್ಲ" ಎಂದು ಮಕ್ಕಳ ಕೈಯಿಂದಲೇ ಬರೆಸಿ. ಹಿರಿಯ ಮಗ ಏಳು ವರ್ಷದವನಿದ್ದಾಗ, ಮುಕ್ಕಾಲು ಗಂಟೆ ಹುಡುಕಿ ಬರಿಗೈಯಲ್ಲಿ ಹಿಂದಿರುಗಿದ ಒಂದು ಸಂಜೆ, ಹಾಗೆ ಬರೆಯಲು ಒಪ್ಪದೆ ಅತ್ತ. ಸೋತೆವೆಂದು ಊರಿಗೆಲ್ಲ ಏಕೆ ಹೇಳಬೇಕು ಎಂಬುದು ಅವನ ವಾದ. ಕೊನೆಗೆ ಬರೆದ. ಮೂರು ದಿನ ಕಳೆದು ಡಬ್ಬಿ ಇಟ್ಟವರು ಹೋಗಿ ನೋಡಿದರೆ ಅದು ನಿಜವಾಗಿಯೂ ಮಾಯವಾಗಿತ್ತು. ಹೊಸದನ್ನು ಇಟ್ಟು ಅವನಿಗೆ ಧನ್ಯವಾದ ಬರೆದರು. ಆ ಸಂದೇಶವನ್ನು ಮುದ್ರಿಸಿ ಇಂದಿಗೂ ಮೇಜಿನ ಮೇಲೆ ಅಂಟಿಸಿಕೊಂಡಿದ್ದಾನೆ.

ಒಳಗಿನಿಂದ ಏನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯದನ್ನು ಇಡಬೇಕು. ಮುಚ್ಚಳ ಬಿಗಿಯಾಗಿ ಹಾಕಿ, ಇದ್ದಲ್ಲಿಯೇ, ಇದ್ದ ಹಾಗೆಯೇ ಇಡಬೇಕು. ಇನ್ನೂ ಚೆನ್ನಾಗಿ ಬಚ್ಚಿಡುತ್ತೇನೆಂದು ಮಕ್ಕಳು ಹೊರಡುತ್ತಾರೆ, ಬಿಡಬೇಡಿ. ಮುಂದೆ ಬರುವವರಿಗೆ ಡಬ್ಬಿ ಸಿಗುವುದೇ ಇಲ್ಲ.

ಹಾದಿಹೋಕ

ಎಲ್ಲರ ಉತ್ಸಾಹದ ನಡುವೆ ನನ್ನ ಆಕ್ಷೇಪವನ್ನೂ ಹೇಳಲೇಬೇಕು. ನಾನು ಪಶ್ಚಿಮ ಘಟ್ಟದಲ್ಲಿ ಇಪ್ಪತ್ತು ವರ್ಷದಿಂದ ಚಾರಣ ಮಾಡುತ್ತಿರುವವನು. ಕಾಡಿನಲ್ಲಿ ನಾವು ಬಿಟ್ಟುಬರುವ ಪ್ಲಾಸ್ಟಿಕ್ ಡಬ್ಬಿಗೆ ಕಸ ಎಂದಲ್ಲದೆ ಬೇರೆ ಯಾವ ಹೆಸರಿದೆ? ಹೆಸರು ಬರೆಯುವ ಪುಸ್ತಕ ಒಳಗಿದ್ದ ಮಾತ್ರಕ್ಕೆ ಅದು ಕಸವಲ್ಲವಾಗುತ್ತದೆಯೇ? ಒಂದೇ ಮರದ ಸುತ್ತ ನೂರು ಜನ ತಡಕಾಡಿದರೆ ಅಲ್ಲಿನ ಪಾಚಿ, ಸಸಿ, ಕಪ್ಪೆಯ ಗೂಡು ಏನಾಗಬೇಕು? ಮಕ್ಕಳು ಮೊಬೈಲ್ ಬಿಟ್ಟು ಕಾಡನ್ನು ನೋಡಲಿ ಎಂದು ಹೊರಗೆ ಕರೆದೊಯ್ಯುತ್ತೇವೆ. ಇಲ್ಲಿ ಮೊಬೈಲ್ ತೋರಿಸಿದ ಬಾಣದ ಹಿಂದೆ ಓಡುವುದನ್ನು ಕಲಿಸುತ್ತಿದ್ದೇವೆ. ಜಲಪಾತವನ್ನು ಐದೇ ನಿಮಿಷ ನೋಡಿದ ಮಗುವಿಗೆ, ನೋಡುವುದು ಹೇಗೆಂದು ಕೂತು ಹೇಳಿಕೊಡುವುದು ಒಳ್ಳೆಯದಲ್ಲವೇ?

ಯಾರ ಮನಸ್ಸನ್ನೂ ನೋಯಿಸಲು ಬರೆದದ್ದಲ್ಲ.

ನಕ್ಷೆಗಾರ

ಹಾದಿಹೋಕರೇ, ನಿಮ್ಮ ಮಾತಿನಲ್ಲಿ ಅರ್ಧವನ್ನು ಒಪ್ಪುತ್ತೇನೆ. ಇಟ್ಟವರು ಊರು ಬಿಟ್ಟು, ಒಡೆದು ನೀರು ತುಂಬಿದ ಡಬ್ಬಿಗಳನ್ನು ನಾನೂ ಕಂಡಿದ್ದೇನೆ, ಹೊರಗೆ ತಂದು ಎಸೆದಿದ್ದೇನೆ. ಆದರೆ ನಿಯಮಗಳು ಇದನ್ನು ಯೋಚಿಸಿಯೇ ಮಾಡಿದವು. ಜಾಗದ ಒಡೆಯರ ಒಪ್ಪಿಗೆಯಿಲ್ಲದೆ ಇಡುವಂತಿಲ್ಲ. ನೆಲ ಅಗೆದು ಹೂಳುವಂತಿಲ್ಲ, ಮರಕ್ಕೆ ಮೊಳೆ ಹೊಡೆಯುವಂತಿಲ್ಲ. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರ ಬೇಕು. ರಜೆಗೆ ಹೋದ ಊರಿನಲ್ಲಿ ಇಟ್ಟು ಬರುವಂತಿಲ್ಲ, ಏಕೆಂದರೆ ಅದನ್ನು ನೋಡಿಕೊಳ್ಳುವವರು ಹತ್ತಿರದಲ್ಲೇ ಇರಬೇಕು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಸಾಮಾನ್ಯವಾಗಿ ಡಬ್ಬಿಗೆ ಅವಕಾಶವೇ ಇಲ್ಲ. ಅಲ್ಲಿ ಅರ್ತ್‌ಕ್ಯಾಶ್ ಎಂಬ ಬಗೆ ಇರುತ್ತದೆ. 2004ರಲ್ಲಿ ಅಮೆರಿಕದ ಭೂವಿಜ್ಞಾನ ಸಂಘದ ಜೊತೆಗೂಡಿ ಆರಂಭವಾದದ್ದು. ಡಬ್ಬಿ ಇಲ್ಲ, ಪುಸ್ತಕ ಇಲ್ಲ. ಆ ಜಾಗದಲ್ಲಿ ನಿಂತು ಬಂಡೆಯನ್ನೋ ನೀರನ್ನೋ ಚೆನ್ನಾಗಿ ನೋಡಿ ಪ್ರಶ್ನೆಗಳಿಗೆ ಉತ್ತರ ಬರೆದು ಕಳಿಸಬೇಕು. ನೀವು ಕೇಳಿದ "ನೋಡುವುದು ಹೇಗೆಂದು ಹೇಳಿಕೊಡುವುದು" ಅದೇ. ಕ್ರೇಟರ್ ಲೇಕ್‌ನಲ್ಲಿ ಸಾಗರದ ಸೊಸೆಯವರು ಅದನ್ನೇ ಮಾಡಲಿ.

ಮೊಬೈಲ್ ಮಾತಿಗೆ ನನ್ನ ಅನುಭವ ಬೇರೆ. ಮರಗಳ ಕೆಳಗೆ ಜಿಪಿಎಸ್ ಐದರಿಂದ ಹತ್ತು ಮೀಟರ್ ಆಚೀಚೆ ತೋರಿಸುತ್ತದೆ. ಆಮೇಲೆ ಬಾಣಕ್ಕೆ ಅರ್ಥವಿಲ್ಲ. ನಮ್ಮ ಮನೆಯ ನಿಯಮ: ಹತ್ತು ಮೀಟರ್ ಉಳಿದಾಗ ಮೊಬೈಲ್ ಅಪ್ಪನ ಜೇಬಿಗೆ. ಅಲ್ಲಿಂದ ಮುಂದೆ ಕಣ್ಣು ಮಾತ್ರ.

ಶಿವಮೊಗ್ಗದ ವೈದ್ಯೆ

ಸಾಗರದವರು ಎಂದು ಓದಿ ಒಳಬಂದೆ. ನಿಮ್ಮ ಮಾವನವರಿಗೆ ಉಣುಗಿನ ಬಗ್ಗೆ ನಾನು ಹೇಳಿಕೊಡಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದಾಗ ಪತ್ತೆಯಾದ ಮಂಗನ ಕಾಯಿಲೆಯನ್ನು ಆ ಸೀಮೆಯವರು ಮರೆಯುವುದಿಲ್ಲ. ಅದನ್ನು ಹರಡುವುದು ಕಾಡಿನ ದರಕಿನಲ್ಲಿರುವ ಉಣುಗಿನ ಮರಿಗಳು. ಜರ್ಮನಿಯ ಉಣುಗು ಹರಡುವ ಮಿದುಳಿನ ಉರಿಯೂತದ ವೈರಸ್ಸೂ ಇದರ ದಾಯಾದಿಯೇ. ಅದಕ್ಕೆ ಲಸಿಕೆ ಇದೆ, ಬವೇರಿಯದ ಕನ್ನಡಿಗರ ಮಕ್ಕಳಿಗೆ ಹಾಕಿಸಿರಬಹುದು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಉಣುಗಿನಿಂದಲೇ ಬರುವ ಲೈಮ್ ಕಾಯಿಲೆ ಪೂರ್ವದಷ್ಟಿಲ್ಲ, ಆದರೂ ಎಚ್ಚರ ಬೇಕು.

ಉದ್ದ ಪ್ಯಾಂಟು ತೊಡಿಸಿ, ಕಾಲುಚೀಲವನ್ನು ಅದರ ಮೇಲೆ ಎಳೆಯಿರಿ. ರಾತ್ರಿ ಸ್ನಾನದ ಹೊತ್ತಿನಲ್ಲಿ ಮೊಣಕಾಲಿನ ಹಿಂಭಾಗ, ತೊಡೆಸಂದು, ಕಂಕುಳು, ಕಿವಿಯ ಹಿಂದೆ, ಕೂದಲಿನ ಬುಡ ನೋಡಿ. ಕಚ್ಚಿಕೊಂಡಿದ್ದರೆ ಚೂಪು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಮೇಲೆಳೆಯಿರಿ. ಎಣ್ಣೆ, ಸುಣ್ಣ, ಬೆಂಕಿಕಡ್ಡಿ ಯಾವುದೂ ಬೇಡ. ಒರೆಗಾನ್‌ನಲ್ಲಿ ಪಾಯ್ಸನ್ ಓಕ್ ಎಂಬ ಮೂರೆಲೆಯ ಗಿಡವಿದೆ; ತಾಗಿದರೆ ಮೈಯೆಲ್ಲ ತುರಿಕೆ, ಗುಳ್ಳೆ. ಮಕ್ಕಳಿಗೆ ಅದರ ಚಿತ್ರ ತೋರಿಸಿಯೇ ಇಳಿಸಿ. ಪೊಟರೆಗೆ, ಕಲ್ಲುಸಂದಿಗೆ ಬರಿಗೈ ಹಾಕಬಾರದು, ಮೊದಲು ಕೋಲು.

ಗಣಿತದ ಮೇಷ್ಟರು, ಬೆಂಗಳೂರು

ಒಂಬತ್ತು ವರ್ಷದ ಹುಡುಗಿ ಜೊತೆಗಿದ್ದಾಳೆ ಎಂದಮೇಲೆ ನನ್ನ ಪಾಠವನ್ನೂ ಸ್ವಲ್ಪ ಕೇಳಿ. ಅಕ್ಷಾಂಶದ ಒಂದು ನಿಮಿಷ, ಅಂದರೆ ಡಿಗ್ರಿಯ ಅರವತ್ತರಲ್ಲಿ ಒಂದು ಭಾಗ, ನೆಲದ ಮೇಲೆ ಸುಮಾರು 1,852 ಮೀಟರ್. ಜಿಯೋಕ್ಯಾಶಿಂಗ್‌ನಲ್ಲಿ ನಿಮಿಷದ ಸಾವಿರದ ಒಂದು ಭಾಗದವರೆಗೆ ಬರೆಯುತ್ತಾರೆ. ಅಂದರೆ ಕೊನೆಯ ಅಂಕಿ ಒಂದು ಹೆಚ್ಚಾದರೆ ಉತ್ತರಕ್ಕೆ 1.85 ಮೀಟರ್, ದೊಡ್ಡವರ ಎರಡು ಮೂರು ಹೆಜ್ಜೆ. ರೇಖಾಂಶದ ಕತೆ ಬೇರೆ. ಧ್ರುವಗಳತ್ತ ಹೋದಂತೆ ರೇಖೆಗಳು ಹತ್ತಿರವಾಗುತ್ತವೆ. ನಮ್ಮ ಬೆಂಗಳೂರಿನಲ್ಲಿ ಅದೇ ಕೊನೆಯ ಅಂಕಿ ಸುಮಾರು 1.8 ಮೀಟರ್, ಬೀವರ್‌ಕ್ರೀಕ್‌ನಲ್ಲಿ ಬರೀ 1.3. ಮಗಳು ಹೆಜ್ಜೆ ಹಾಕಿ ಅಳೆದು ನೋಡಲಿ. ಭೂಮಿ ಗುಂಡಗಿದೆ ಎಂಬುದು ಅವಳ ಕಾಲಿಗೇ ಗೊತ್ತಾಗುತ್ತದೆ.

ಜಾಲತಾಣದಲ್ಲಿ ಸುಳಿವನ್ನು ಗೂಢಲಿಪಿಯಲ್ಲಿ ಕೊಡುತ್ತಾರೆ. ಇಂಗ್ಲಿಷ್ ವರ್ಣಮಾಲೆಯನ್ನು ಹದಿಮೂರು ಹದಿಮೂರಾಗಿ ಎರಡು ಸಾಲಿನಲ್ಲಿ ಬರೆದು, ಮೇಲಿನದಕ್ಕೆ ಕೆಳಗಿನದು, ಕೆಳಗಿನದಕ್ಕೆ ಮೇಲಿನದು. ಎ ಇದ್ದರೆ ಎನ್, ಎನ್ ಇದ್ದರೆ ಎ. ಗುಂಡಿ ಒತ್ತಿದರೆ ತಾನೇ ಬಿಡಿಸಿ ತೋರಿಸುತ್ತದೆ. ಒತ್ತಬೇಡಿ. ಕಾಗದ ಪೆನ್ಸಿಲ್ ಕೊಟ್ಟು ಅಜ್ಜ ಮೊಮ್ಮಗಳು ಬಿಡಿಸಲಿ. ನಿವೃತ್ತ ಪೋಸ್ಟ್‌ಮಾಸ್ಟರು ಖಂಡಿತ ಕಾರಿನಲ್ಲಿ ಬೇಸತ್ತು ಕೂರುವುದಿಲ್ಲ.

ನಮ್ಮಲ್ಲಿ ಈ ಹವ್ಯಾಸ ಇನ್ನೂ ವಿರಳ. ಆದರೆ ಲಾಲ್‌ಬಾಗ್‌ನ ಬಂಡೆಗೆ ಸುಮಾರು 300 ಕೋಟಿ ವರ್ಷ. ಮಲ್ಪೆಯ ಸೇಂಟ್ ಮೇರಿಸ್ ದ್ವೀಪದಲ್ಲಿ ಲಾವಾ ಆರಿ ನಿಂತ ಕಲ್ಲಿನ ಕಂಬಗಳಿವೆ. ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ಕಡಲ ತಳದಲ್ಲಿ ಉಕ್ಕಿ ದಿಂಬಿನಂತೆ ಹೆಪ್ಪುಗಟ್ಟಿದ ಲಾವಾ ಇದೆ. ಮೂರೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಅರ್ತ್‌ಕ್ಯಾಶ್‌ನಂಥ ಆಟಕ್ಕೆ ಹೇಳಿಮಾಡಿಸಿದ ಜಾಗಗಳು. ನಾನು ನನ್ನ ತರಗತಿಯನ್ನು ಲಾಲ್‌ಬಾಗ್ ಬಂಡೆಗೆ ಪ್ರಶ್ನೆಪತ್ರಿಕೆಯೊಂದಿಗೆ ಕರೆದೊಯ್ಯುತ್ತೇನೆ. ಯಾವ ಮಗುವೂ ಐದು ನಿಮಿಷಕ್ಕೆ ಹೊರಡೋಣ ಎಂದಿಲ್ಲ.

ಇಬ್ಬರು ಮಕ್ಕಳ ತಂದೆ, ಮೈಸೂರು

ಭಾರತಕ್ಕೆ ಬಂದಾಗ ಆಡುವವರಿಗೆ ಒಂದು ಎಚ್ಚರಿಕೆ. ಬಸ್ಸಿನಲ್ಲಿ, ರೈಲು ನಿಲ್ದಾಣದಲ್ಲಿ "ವಾರಸುದಾರರಿಲ್ಲದ ವಸ್ತುಗಳನ್ನು ಮುಟ್ಟಬೇಡಿ" ಎಂದು ಕೇಳುತ್ತಾ ಬೆಳೆದವರು ನಾವು. ಒಂದು ಊರಿನಲ್ಲಿ ಸೇತುವೆಯ ಬಳಿ ಮಗನೂ ನಾನೂ ಕಂಬಿಯ ಕೆಳಗೆ ತಡಕಾಡುವಾಗ ಇಬ್ಬರು ಪೊಲೀಸರು ಬಂದರು. ಇದ್ದದ್ದನ್ನು ಇದ್ದಂತೆ ಹೇಳಿ, ಆ್ಯಪ್ ತೋರಿಸಿದೆ. ಅರ್ಧ ಗಂಟೆ ವಿಚಾರಿಸಿ ಬಿಟ್ಟರು. ಮಗ ತುಂಬ ಹೆದರಿದ್ದ. ಅವರು ತಮ್ಮ ಕೆಲಸ ಮಾಡಿದರು, ತಪ್ಪು ಜಾಗ ಆರಿಸಿದ್ದು ನಾನು. ಇಂಗ್ಲೆಂಡಿನ ವೆದರ್‌ಬಿಯಲ್ಲಿ 2011ರಲ್ಲಿ ಇಂಥ ಒಂದು ಡಬ್ಬಿಯನ್ನು ಬಾಂಬ್ ನಿಷ್ಕ್ರಿಯ ದಳ ಸ್ಫೋಟಿಸಿಯೇ ಬಿಟ್ಟಿತ್ತು. ಸೇತುವೆ, ಅಣೆಕಟ್ಟು, ನಿಲ್ದಾಣ, ದೇವಸ್ಥಾನದ ಆವರಣ, ಸೇನೆಯ ಜಾಗ ಇವುಗಳ ಹತ್ತಿರ ಬೇಡವೇ ಬೇಡ. ಇನ್ನೊಂದು: ಉಪಗ್ರಹದ ಮೂಲಕ ಸಂದೇಶ ಕಳಿಸುವ ಚಾರಣದ ಉಪಕರಣಗಳನ್ನು ಪರವಾನಗಿ ಇಲ್ಲದೆ ಭಾರತಕ್ಕೆ ತರಬೇಡಿ. ಅದು ಅಪರಾಧ. ವಿದೇಶಿ ಪ್ರವಾಸಿಗಳು ಇದರಿಂದ ಬಂಧನಕ್ಕೊಳಗಾದದ್ದಿದೆ.

ಸಾಗರದ ಸೊಸೆ

ಇಷ್ಟು ಅಕ್ಕರೆಯಿಂದ ಬರೆದಿದ್ದೀರಿ, ಎಲ್ಲರಿಗೂ ಋಣಿ. ಎರಡು ಸಣ್ಣ ಪ್ರಶ್ನೆಗಳು. ಅತ್ತೆಯವರು ಡಬ್ಬಿಯಲ್ಲಿ ಇಡಲು ಕೊಬ್ಬರಿ ಮಿಠಾಯಿ ಕಟ್ಟಿಕೊಡುತ್ತೇನೆ ಎನ್ನುತ್ತಿದ್ದಾರೆ, ಇಡಬಹುದೇ? ಮತ್ತು ಮಗಳು ಟ್ರಾವೆಲ್ ಬಗ್ ಎಂದು ಹಟ ಹಿಡಿದಿದ್ದಾಳೆ, ಅದು ಏನು?

ಬವೇರಿಯದ ಕನ್ನಡಿಗ

ತಿಂಡಿ ಯಾವುದೂ ಕೂಡದು. ವಾಸನೆಗೆ ಇಲಿ, ಅಳಿಲು, ಕರಡಿ ಬಂದು ಡಬ್ಬಿಯನ್ನೇ ಕಡಿದುಹಾಕುತ್ತವೆ. ಮಿಠಾಯಿ ನಿಮ್ಮ ಕಾರಿಗಿರಲಿ. ಡಬ್ಬಿಗೆ ಚನ್ನಪಟ್ಟಣದ ಸಣ್ಣ ಬುಗುರಿಗಳನ್ನು ಇಡಿ. ನಾನು ಪ್ರತಿ ಸಲ ಊರಿನಿಂದ ಒಂದು ಚೀಲ ತರುತ್ತೇನೆ. ಮರದ್ದು, ಹಗುರ, ಬಣ್ಣ ಹೋಗುವುದಿಲ್ಲ. ಇಲ್ಲಿನ ಮಕ್ಕಳು ಅದಕ್ಕಾಗಿ ಕಾದಿರುತ್ತಾರೆ.

ಟ್ರಾವೆಲ್ ಬಗ್ ಎಂದರೆ ಸಂಖ್ಯೆ ಕೆತ್ತಿದ ಲೋಹದ ಬಿಲ್ಲೆ. ಯಾವುದಾದರೂ ವಸ್ತುವಿಗೆ ಕಟ್ಟಿ, ಅದು ಎಲ್ಲಿಗೆ ಹೋಗಬೇಕೆಂದು ಜಾಲತಾಣದಲ್ಲಿ ಬರೆದು, ಒಂದು ಡಬ್ಬಿಯಲ್ಲಿ ಬಿಡುತ್ತೀರಿ. ಸಿಕ್ಕವರು ಅದನ್ನು ಇಟ್ಟುಕೊಳ್ಳದೆ ಮುಂದಿನ ಡಬ್ಬಿಗೆ ಸಾಗಿಸಿ, ಎಲ್ಲಿ ಇಟ್ಟೆವೆಂದು ಬರೆಯುತ್ತಾರೆ. ಹಾಗೆ ಕೈಯಿಂದ ಕೈಗೆ ದೇಶ ದಾಟುತ್ತದೆ. 2021ರಲ್ಲಿ ಮಂಗಳ ಗ್ರಹದಲ್ಲಿ ಇಳಿದ ಪರ್ಸಿವರೆನ್ಸ್ ರೋವರ್‌ನಲ್ಲೂ ಇಂಥ ಒಂದು ಸಂಖ್ಯೆ ಇದೆ ಎಂದು ಮಕ್ಕಳಿಗೆ ಹೇಳಿ. ಕಳೆದುಹೋಗುವುದೂ ಉಂಟು, ಅದನ್ನೂ ಮೊದಲೇ ಹೇಳಿಬಿಡಿ.

ಸಾಗರದ ಸೊಸೆ

ನಿನ್ನೆ ರಾತ್ರಿ ಮನೆ ಸೇರಿದೆವು. ಬಟ್ಟೆ ಒಗೆಯಲು ಹಾಕಿ ಇದನ್ನು ಬರೆಯುತ್ತಿದ್ದೇನೆ. ಎಂಟು ದಿನದಲ್ಲಿ ಹದಿನಾಲ್ಕು ಸಿಕ್ಕವು, ಐದು ಸಿಗಲಿಲ್ಲ. ಐದನ್ನೂ ಮಕ್ಕಳೇ ಬರೆದರು.

ಮೊದಲ ದಿನವೇ ಬೀವರ್‌ಕ್ರೀಕ್‌ಗೆ ಹೋದೆವು. ಫಲಕದ ಮುಂದೆ ಮಾವನವರು ತುಂಬ ಹೊತ್ತು ನಿಂತರು. ವಿಳಾಸ ಬರೆದು ಊರಿಗೆಲ್ಲ ತಿಳಿಸಿ, ಯಾರು ಬರುತ್ತಾರೋ ಬರಲಿ ಎಂದು ಒಬ್ಬ ಮನುಷ್ಯ ಬಕೆಟ್ ಇಟ್ಟು ಹೋದನಲ್ಲ, ಅದು ಅವರಿಗೆ ಬಹಳ ಹಿಡಿಸಿತು. ಪುಸ್ತಕದಲ್ಲಿ ಕನ್ನಡದಲ್ಲೇ ಸಹಿ ಹಾಕಿ, ಅಂಚೆ ಮುದ್ರೆಯಲ್ಲಿರುವ ಹಾಗೆ ದಿನಾಂಕವನ್ನು ಒಂದು ವೃತ್ತದೊಳಗೆ ಬರೆದರು. ಆಮೇಲೆ ಪ್ರತಿ ಡಬ್ಬಿಯಲ್ಲೂ ಹಾಗೆಯೇ. ಮಗನೀಗ ಗೋಡೆಯ ಮೇಲೂ ವೃತ್ತ ಬರೆಯುತ್ತಿದ್ದಾನೆ.

ಮಲ್ಟ್‌ನೋಮಾ ಜಲಪಾತದ ಎತ್ತರ 189 ಮೀಟರ್ ಎಂದು ಓದಿದೊಡನೆ ಅವರು, ನಮ್ಮ ಜೋಗ 253 ಎಂದರು. ಆದರೆ ಆಗಸ್ಟಿನಲ್ಲಿಯೂ ಮಳೆಯಿಲ್ಲದೆ ಇಷ್ಟು ನೀರು ಎಲ್ಲಿಂದ ಎಂದು ಮಗಳು ಕೇಳಿದಳು. ನೆಲದೊಳಗಿನ ಬುಗ್ಗೆ ಇದಕ್ಕೆ ವರ್ಷವಿಡೀ ನೀರು ಕೊಡುತ್ತದೆ ಎಂದು ಅಜ್ಜ ಮೊಮ್ಮಗಳು ಸೇರಿ ಓದಿ ತಿಳಿದುಕೊಂಡರು. ಒಂದು ಗಂಟೆ ಅಲ್ಲಿದ್ದೆವು. ಯಾರೂ ಹೋಗೋಣ ಎನ್ನಲಿಲ್ಲ.

ಈಗ ಅತ್ತೆಯವರ ವಿಷಯ. ಮೂರನೆಯ ದಿನ, ದೊಡ್ಡ ಮರಗಳ ಒಂದು ಉದ್ಯಾನ. ದಾರಿ ಸಮತಟ್ಟು, ಆದರೆ ಡಬ್ಬಿ ಸಿಗುತ್ತಿಲ್ಲ. ಸುಳಿವು ಬಿಡಿಸಿದರೂ ಇಲ್ಲ. ಇಪ್ಪತ್ತು ನಿಮಿಷ ಕಳೆಯಿತು. ಅತ್ತೆಯವರು ಬೆಂಚಿನ ಮೇಲೆ ಕುಳಿತಿದ್ದವರು, "ಆ ಕಡ್ಡಿಗಳನ್ನು ನೋಡು, ಮರದಿಂದ ಬಿದ್ದ ಕಡ್ಡಿ ಹಾಗೆ ಒಂದರ ಪಕ್ಕ ಒಂದು ಮಲಗುವುದಿಲ್ಲ" ಎಂದರು. ಉರುಳಿದ ಒಂದು ದಿಮ್ಮಿಯ ಪಕ್ಕದಲ್ಲಿ ಐದಾರು ಕಡ್ಡಿಗಳು ಸಾಲಾಗಿದ್ದವು. ಕೋಲಿನಿಂದ ಸರಿಸಿದರೆ ಕೆಳಗೆ ಹಸಿರು ಡಬ್ಬಿ! ನಲವತ್ತು ವರ್ಷ ತೋಟಕ್ಕೆ ದರಕು ಗುಡಿಸಿ ತಂದವರು, ಮಳೆಗಾಲದ ಮೊದಲ ಗುಡುಗಿಗೆ ಅಣಬೆ ಹುಡುಕಿದವರು. ನೆಲದ ಮೇಲೆ ಯಾವುದು ತಾನಾಗಿ ಬಿದ್ದದ್ದು, ಯಾವುದನ್ನು ಮನುಷ್ಯರು ಇಟ್ಟದ್ದು ಎಂಬುದು ಆ ಕಣ್ಣಿಗೆ ದೂರದಿಂದಲೇ ತಿಳಿಯಿತು. ಮಕ್ಕಳು ಅಂದಿನಿಂದ ಕಾರು ನಿಂತೊಡನೆ ಮೊದಲು ಅಜ್ಜಿಯ ಕೈ ಹಿಡಿಯುತ್ತಿದ್ದರು. ನೋವಿನ ಮಾತ್ರೆ ನುಂಗಿ ಎರಡು ಕಡೆ ಅವರು ನಮಗಿಂತ ಮುಂದೆ ನಡೆದರು. ಮದುವೆಯಾಗಿ ಬಂದು ಹನ್ನೆರಡು ವರ್ಷವಾಯಿತು, ಅವರು ಹೀಗೆ ಗಟ್ಟಿಯಾಗಿ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಬೆಂಡ್‌ನಲ್ಲಿ ಮಗಳು ಬಿಲ್ಲೆಗೆ ಕೆಂಪು ಬುಗುರಿ ಕಟ್ಟಿ ಒಂದು ದೊಡ್ಡ ಡಬ್ಬಿಯಲ್ಲಿ ಬಿಟ್ಟಳು. "ನನಗೆ ಜೋಗದ ನೀರು ನೋಡಬೇಕು" ಎಂದು ಅದರ ಪುಟದಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದಿದ್ದಾಳೆ. ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಮಾವನವರು ಎರಡು ಸಲ ಒತ್ತಿ ನೋಡಿದರು.

ಕ್ರೇಟರ್ ಲೇಕ್‌ನಲ್ಲಿ ಅರ್ತ್‌ಕ್ಯಾಶ್. ಸುಮಾರು 7,700 ವರ್ಷದ ಹಿಂದೆ ಮಜಾಮಾ ಎಂಬ ಜ್ವಾಲಾಮುಖಿ ತನ್ನ ಒಡಲನ್ನೆಲ್ಲ ಉಗುಳಿ, ಟೊಳ್ಳಾಗಿ, ಒಳಕ್ಕೆ ಕುಸಿದು ಆದ ಕುಳಿ ಅದು. ಅದರಲ್ಲಿ ನಿಂತ ಸರೋವರ 592 ಮೀಟರ್ ಆಳ. ಯಾವ ನದಿಯೂ ಬಂದು ಸೇರುವುದಿಲ್ಲ, ಯಾವ ನದಿಯೂ ಹೊರಡುವುದಿಲ್ಲ. ಮಳೆ ಮತ್ತು ಹಿಮದ ನೀರು ಮಾತ್ರ. ಹಾದಿಹೋಕರೇ, ನಿಮ್ಮ ಮಾತು ನೆನಪಾಯಿತು. ಅಲ್ಲಿ ಡಬ್ಬಿ ಇರಲಿಲ್ಲ, ಬಾಣ ಇರಲಿಲ್ಲ. ಗೋಡೆಯಂಥ ಅಂಚಿನಲ್ಲಿ ಎಷ್ಟು ಬಣ್ಣದ ಪದರಗಳಿವೆ ಎಂದು ಮಗ ಬೆರಳು ಮಡಿಸಿ ಎಣಿಸಿದ, ಅಕ್ಕ ಬರೆದುಕೊಂಡಳು. ನೀವು ಕಂಡಿದ್ದರೆ ನಿಮಗೂ ಇಷ್ಟವಾಗುತ್ತಿತ್ತು.

ವೈದ್ಯೆ ಮೇಡಂ, ಒಂದೇ ಒಂದು ಉಣುಗು, ಯಜಮಾನರ ಕಾಲುಚೀಲದ ಮೇಲೆ. ಕಚ್ಚಿರಲಿಲ್ಲ.

ಹಾದಿಹೋಕ

ಓದಿ ತುಂಬ ಸಂತೋಷವಾಯಿತು, ತಂಗಿ. ಕಾಡಿನಲ್ಲಿ ಡಬ್ಬಿ ಇಡುವುದನ್ನು ನಾನು ಇಂದಿಗೂ ಒಪ್ಪುವುದಿಲ್ಲ. ನಮ್ಮ ಘಟ್ಟದಲ್ಲಂತೂ ಬೇಡ, ಮೀಸಲು ಅರಣ್ಯಕ್ಕೆ ಕಾಲಿಡಲೂ ಅನುಮತಿ ಬೇಕು. ಆದರೆ ಡಬ್ಬಿಯಿಲ್ಲದ ಆಟವನ್ನು ನಮ್ಮ ಚಾರಣದ ಮಕ್ಕಳಿಗಾಗಿ ಮಾಡಿ ನೋಡುತ್ತೇನೆ. ಮೇಷ್ಟರೇ, ಮರಡಿಹಳ್ಳಿಗೆ ಒಂದು ಪ್ರಶ್ನೆಪತ್ರಿಕೆ ಸೇರಿ ಬರೆಯೋಣವೇ? ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಗಣಿತದ ಮೇಷ್ಟರು, ಬೆಂಗಳೂರು

ಖಂಡಿತ. ದಸರಾ ರಜೆಯಲ್ಲಿ ಹೊರಡೋಣ.

ಸಾಗರದ ಸೊಸೆ

ಎರಡು ತಿಂಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ಅತ್ತೆ ಮಾವನವರು ಸಾಗರಕ್ಕೆ ಮರಳಿ ಹದಿನೈದು ದಿನವಾಯಿತು. ಬುಗುರಿ ಇನ್ನೂ ದಾರಿಯಲ್ಲಿದೆ. ಬೆಂಡ್‌ನಿಂದ ಐಡಾಹೊದ ಬಾಯ್ಸಿಗೆ ಹೋಯಿತು, ಅಲ್ಲಿ ಮೂರು ವಾರ ಕೂತಿತು. ಹೋದ ವಾರ ಯಾರೋ ಅದನ್ನು ಕೆನಡಾದ ಕ್ಯಾಲ್ಗರಿಗೆ ಒಯ್ದು ಒಂದು ಡಬ್ಬಿಯಲ್ಲಿ ಇಟ್ಟಿದ್ದಾರೆ, ಹಿಮ ಬೀಳಲು ಶುರುವಾಗಿದೆ ಎಂದೂ ಬರೆದಿದ್ದಾರೆ.

ಮಾವನವರು ಬೆಳಗಿನ ಕಾಫಿಯಾದ ಮೇಲೆ ಮೊಬೈಲ್‌ನಲ್ಲಿ ಆ ಪುಟ ತೆರೆದು ನೋಡುತ್ತಾರಂತೆ. ಕ್ಯಾಲ್ಗರಿ ಎಂದು ಕಂಡ ದಿನ ಮೊಮ್ಮಗಳಿಗೆ ಕರೆ ಮಾಡಿ, "ಉತ್ತರಕ್ಕೆ ಹೋಗಿದೆ ಕಣಮ್ಮ, ಮಿಸ್‌ಸೆಂಟ್ ಆಗಿದೆ. ಬೇರೆ ಚೀಲಕ್ಕೆ ಬಿದ್ದ ಟಪಾಲು ತಡವಾಗುತ್ತದೆ, ಅಷ್ಟೇ. ಅಲ್ಲಿನ ಆಫೀಸಿಗೆ ತಿಳಿಸಬೇಕು" ಎಂದರು. ಯಾವ ಆಫೀಸಿಗೆ ತಿಳಿಸುವುದೆಂದು ಮಗಳು ಕೇಳಿದಳು. ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ: ಕ್ಯಾಲ್ಗರಿಯಲ್ಲಿ ಇರುವವರು, ಅಥವಾ ಚಳಿಗಾಲದ ರಜೆಗೆ ಅಲ್ಲಿಂದ ಊರಿಗೆ ಹೊರಟವರು ಯಾರಾದರೂ ಇದ್ದೀರಾ?